ಕಂಬಿ, ಹಳಿ, ಮಾರ್ಗ: ರೈಲಿನ ಇಂಗ್ಲಿಷೂ ನಮ್ಮ ಕನ್ನಡವೂ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಉಪನ್ಯಾಸಮಾಲೆಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೂ ನಿವೃತ್ತ ರೈಲ್ವೆ ನೌಕರರೂ ಆದವರು ಮಾಡಿದ ಭಾಷಣದ ಬರೆಹರೂಪ)



ರೈಲ್ವೆಯಲ್ಲಿ ಕಳೆದ ನನ್ನ ಸೇವಾವಧಿಯ ಅನುಭವಗಳನ್ನು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಕೊಡಿಸಿದರು. ಅನುಭವ ಹೇಳತೊಡಗಿದರೆ ನಿವೃತ್ತನ ಮಾತಿಗೆ ನಿಲ್ದಾಣವೇ ಇರುವುದಿಲ್ಲ. ಆದುದರಿಂದ ವಿಷಯವನ್ನು ಸಂಕೋಚಗೊಳಿಸಿಕೊಳ್ಳಲು ಅನುಮತಿ ಬೇಡಿದೆ. ರೈಲಿನ ದಾರಿಯನ್ನೂ ಅದರ ಉದ್ದವನ್ನೂ ಹೇಳಲು ಇಂಗ್ಲಿಷಿನಲ್ಲಿ ಬಳಸುವ ಕೆಲವು ಮಾತುಗಳು, ಅವಕ್ಕೆ ನಮ್ಮ ಕನ್ನಡದಲ್ಲಿ ಇರುವ ಮಾತುಗಳು, ಇಷ್ಟನ್ನೇ ಇಂದು ಎತ್ತಿಕೊಳ್ಳುತ್ತೇನೆ.

ಇಷ್ಟು ಸಣ್ಣ ವಿಷಯವೇಕೆ ಎಂದು ನೀವು ಕೇಳಬಹುದು. ಊರಿಗೆ ಬಂದಾಗಲೆಲ್ಲ ಪಾಲಕರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿನಿಮಾದಲ್ಲಿ ಹಿಂದಿ. ಹೀಗಿರುವ ಅಕ್ಕಲಕೋಟ ಸೀಮೆಯ ಮಗುವನ್ನು ಕನ್ನಡ ಶಾಲೆಗೆ ಹಾಕಿದರೆ ನಾಳೆ ಇಂಗ್ಲಿಷಿನ ಕೆಲಸದಲ್ಲಿ ಅದರ ಗತಿಯೇನು? ಇದು ಹೊಟ್ಟೆಪಾಡಿನ ಪ್ರಶ್ನೆ. ಅಭಿಮಾನದ ಭಾಷಣದಿಂದ ಇದಕ್ಕೆ ಉತ್ತರ ಕೊಡಲಾಗದು, ಕೊಡಲೂ ಬಾರದು. ನಾನು ಕಂಡ ಒಂದು ಕೆಲಸದ ಮಾತುಗಳನ್ನು ಬಿಚ್ಚಿ ತೋರಿಸಿದರೆ ಉತ್ತರದ ಒಂದು ಭಾಗವಾದರೂ ಸಿಕ್ಕೀತು ಎಂಬುದು ನನ್ನ ನಂಬಿಕೆ.

ಮೊದಲು ಒಂದು ಸರಳ ಪ್ರಶ್ನೆ. ಭಾರತೀಯ ರೈಲ್ವೆಯ ಉದ್ದವೆಷ್ಟು? 2023ರ ಲೆಕ್ಕವನ್ನು ನೋಡಿದರೆ ಮೂರು ಉತ್ತರಗಳು ದೊರೆಯುತ್ತವೆ. ಒಂದು, 68 ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು. ಇನ್ನೊಂದು, ಸುಮಾರು 1 ಲಕ್ಷ 6 ಸಾವಿರ. ಮತ್ತೊಂದು, ಸುಮಾರು 1 ಲಕ್ಷ 32 ಸಾವಿರ. ಮೂರೂ ಸರಕಾರದ ಅಂಕಿಗಳೇ, ಮೂರೂ ಸರಿಯೇ. ಮೊದಲನೆಯದು ರೂಟ್ ಕಿಲೋಮೀಟರ್, ಎರಡನೆಯದು ರನ್ನಿಂಗ್ ಟ್ರ್ಯಾಕ್ ಕಿಲೋಮೀಟರ್, ಮೂರನೆಯದು ಟೋಟಲ್ ಟ್ರ್ಯಾಕ್ ಕಿಲೋಮೀಟರ್. ಒಂದೇ ರೈಲ್ವೆಯನ್ನು ಮೂರು ಅಳತೆಗೋಲುಗಳಿಂದ ಅಳೆದ ಫಲವಿದು.

ಎರಡು ನಿಲ್ದಾಣಗಳ ನಡುವೆ 10 ಕಿ.ಮೀ. ಅಂತರವಿದೆ ಎನ್ನಿ. ನಡುವೆ ಒಂದೇ ಹಳಿ ಇರಲಿ, ಎರಡಿರಲಿ, ನಾಲ್ಕಿರಲಿ, ರೂಟ್ ಕಿಲೋಮೀಟರ್ ಹತ್ತೇ. ಅದು ಊರಿಂದೂರಿಗೆ ಇರುವ ದೂರ. ಹಳಿಗಳ ಎಣಿಕೆಗೂ ಅದಕ್ಕೂ ಸಂಬಂಧವಿಲ್ಲ. ಹೋಗಲು ಒಂದು, ಬರಲು ಒಂದು ಎಂದು ಎರಡು ಹಳಿಗಳಿದ್ದರೆ ರನ್ನಿಂಗ್ ಟ್ರ್ಯಾಕ್ ಇಪ್ಪತ್ತು ಕಿಲೋಮೀಟರಾಯಿತು. ಇನ್ನು ನಿಲ್ದಾಣದ ಅಂಗಳದಲ್ಲಿ ಸರಕುಗಾಡಿ ನಿಲ್ಲುವ ಪಕ್ಕದ ಹಳಿಗಳಿರುತ್ತವೆ, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟುಕೊಡಲು ಪ್ಯಾಸೆಂಜರ್ ಗಾಡಿ ಸರಿದು ನಿಲ್ಲುವ ಲೂಪ್ ಹಳಿ ಇರುತ್ತದೆ, ಹಾಳಾದ ಡಬ್ಬಿಗಳನ್ನು ತಳ್ಳಿಡುವ ಮೂಲೆಯ ಹಳಿ ಇರುತ್ತದೆ. ಇವೆಲ್ಲ ಕೂಡಿ 3 ಕಿ.ಮೀ. ಆದರೆ ಒಟ್ಟು ಟ್ರ್ಯಾಕ್ ಇಪ್ಪತ್ತಮೂರು.

ಒಂದೊಂದು ಅಂಕಿಗೂ ಒಬ್ಬೊಬ್ಬ ಯಜಮಾನನಿದ್ದಾನೆ. ಪ್ರಯಾಣಿಕನಿಗೆ ಬೇಕಾದದ್ದು ಮಾರ್ಗದ ಉದ್ದ. ಮುಂಬಯಿಯಿಂದ ಸೋಲಾಪುರಕ್ಕೆ ರೈಲಿನಲ್ಲಿ 455 ಕಿ.ಮೀ.; ಪಕ್ಕದಲ್ಲಿ ಇನ್ನೊಂದು ಹಳಿ ಹಾಸಿದ ಮಾತ್ರಕ್ಕೆ ಮುಂಬಯಿ 910 ಕಿ.ಮೀ. ದೂರ ಹೋಗಲಿಲ್ಲ, ಟಿಕೀಟೂ ಇಮ್ಮಡಿಯಾಗಲಿಲ್ಲ. ದಿನಕ್ಕೆ ಎಷ್ಟು ಗಾಡಿ ಬಿಡಬಹುದೆಂದು ಲೆಕ್ಕ ಹಾಕುವ ಸಂಚಾರ ವಿಭಾಗದವರಿಗೆ ಎರಡನೆಯ ಅಂಕಿ ಮುಖ್ಯ. ನಮ್ಮಂಥ ಹಳಿ ಕಾಯುವವರಿಗೆ ಮೂರನೆಯದೇ ಮುಖ್ಯ. ಮೂಲೆಯ ಹಳಿಗೂ ಖಡಿ ಹಾಕಬೇಕು, ಬೋಲ್ಟು ಬಿಗಿಯಬೇಕು. ಕೆಲಸಕ್ಕೆ ಎಷ್ಟು ಜನ ಬೇಕೆಂಬುದು ಅದರ ಮೇಲೆ ನಿಲ್ಲುತ್ತದೆ. ಟಿಕೀಟಿನ ವಿಷಯ ಬಂದುದರಿಂದ ಹೇಳುತ್ತೇನೆ: ದರದ ಸಲುವಾಗಿ ಮಾತ್ರ ಲೆಕ್ಕಕ್ಕೆ ಹಿಡಿಯುವ ನಾಲ್ಕನೆಯ ಬಗೆಯ ದೂರವೊಂದು ಸಹ ಉಂಟು. ಕೊಂಕಣ ರೈಲ್ವೆಯಲ್ಲಿ ಪ್ರಯಾಣದರಕ್ಕಾಗಿ ನಿಜದೂರಕ್ಕೆ ಶೇಕಡಾ 40ರಷ್ಟು ಸೇರಿಸಿ ಎಣಿಸುವ ಪದ್ಧತಿಯಿದೆ. ಬೆಟ್ಟ ಕೊರೆದು, ಕಣಿವೆ ದಾಟಿಸಿ ಕಟ್ಟಿದ ವೆಚ್ಚವನ್ನು ದೂರದ ವೇಷದಲ್ಲಿ ವಸೂಲು ಮಾಡುವ ಜಾಣತನವದು.

ಈ ಅಂಕಿಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚೀನಾ ದೇಶದ ರೈಲುಮಾರ್ಗ 2023ರಲ್ಲಿ ಸುಮಾರು 1 ಲಕ್ಷ 59 ಸಾವಿರ ಕಿ.ಮೀ.; ಅದು ಮಾರ್ಗದ ಉದ್ದ. ಅದರ ಪಕ್ಕದಲ್ಲಿ ನಮ್ಮ 1 ಲಕ್ಷ 32 ಸಾವಿರವನ್ನು ಇಟ್ಟು, ನಾವೂ ಹತ್ತಿರ ಹತ್ತಿರ ಇದ್ದೇವೆ ಎಂದು ಹೇಳುವವರಿದ್ದಾರೆ. ಇಡಬೇಕಾದದ್ದು 68 ಸಾವಿರವನ್ನು. ಜೋಳದ ಚೀಲಕ್ಕೆ ಹೊಟ್ಟಿನ ಚೀಲ ಹೋಲಿಸಿದಂತೆ ಆಯಿತು ಇದು.

ಇನ್ನು ನಮ್ಮ ಹಳಿಗೆ ಬರೋಣ. ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು, 34 ಕಿ.ಮೀ. ದೂರ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೋಲಾಪುರ ಮುಟ್ಟಿತು. ಅಲ್ಲಿಂದ ಹೋಟಗಿ, ಅಕ್ಕಲಕೋಟ ರೋಡ್, ದುಧನಿಗಳ ಮೇಲೆ ಹಾದು ಕಲಬುರಗಿ, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಹಳಿಯನ್ನು ಕೂಡಿಕೊಂಡಿತು. ಮುಂಬಯಿಗೂ ಮದ್ರಾಸಿಗೂ ಆದ ಈ ಗಂಟು ಕನ್ನಡ ನೆಲದಲ್ಲಿ ಬಿದ್ದದ್ದೆಂಬುದನ್ನು ಮಕ್ಕಳು ನೆನಪಿಡಲಿ.

ಈ ಮಾರ್ಗದಲ್ಲಿ ದೌಂಡದಿಂದ ಕಲಬುರಗಿಯವರೆಗೆ ಒಂಟಿಯಾಗಿ ಉಳಿದಿದ್ದ ಸುಮಾರು 225 ಕಿ.ಮೀ. ಭಾಗಕ್ಕೆ ಎರಡನೆಯ ಹಳಿ ಹಾಕುವ ಕೆಲಸ ನಮ್ಮ ಕಣ್ಣೆದುರಿಗೇ ನಡೆಯಿತು. ಈಗ ಎದುರುಗಾಡಿಗಾಗಿ ಕಾಯುವ ಕಾಟ ತಪ್ಪಿದೆ. ಈ ಕೆಲಸದಿಂದ ದೇಶದ ಮಾರ್ಗದ ಉದ್ದ ಎಷ್ಟು ಹೆಚ್ಚಿತು? ಒಂದು ಕಿಲೋಮೀಟರೂ ಹೆಚ್ಚಲಿಲ್ಲ. ಹೆಚ್ಚಿದ್ದು ಸಂಚಾರದ ಹಳಿ, 225 ಕಿ.ಮೀ. ಅದೇ ಸೋಲಾಪುರದಿಂದ ತುಳಜಾಪುರದ ಮೇಲೆ ಧಾರಾಶಿವಕ್ಕೆ ಹೊಸದಾಗಿ ಹಾಕುತ್ತಿರುವ ಸುಮಾರು 84 ಕಿ.ಮೀ. ಮಾರ್ಗವನ್ನು ನೋಡಿರಿ. ಅಂಕಿ ಚಿಕ್ಕದು, ಆದರೆ ಅದು ಪೂರ್ತಿಯಾದ ದಿನ ಮಾರ್ಗದ ಉದ್ದವೇ ಅಷ್ಟು ಬೆಳೆಯುತ್ತದೆ. ರೈಲು ಕಾಣದ ಊರುಗಳಿಗೆ ರೈಲು ಬರುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ಡಬ್ಲಿಂಗ್, ಎರಡನೆಯದು ನ್ಯೂ ಲೈನ್. ರೈಲ್ವೆಯ ಯೋಜನಾಪಟ್ಟಿಯಲ್ಲಿ ಇವು ಬೇರೆ ಬೇರೆ ಶೀರ್ಷಿಕೆಗಳು, ಹಣವೂ ಬೇರೆ ಬೇರೆ. ನಮ್ಮ ಪತ್ರಿಕೆಗಳು ಎರಡಕ್ಕೂ ‘ಹೊಸ ರೈಲುಮಾರ್ಗ’ ಎಂದು ಬರೆದುಬಿಡುವುದುಂಟು. ಓದಿದ ರೈತ ತನ್ನೂರಿಗೂ ರೈಲು ಬಂತೆಂದು ಹಿಗ್ಗುತ್ತಾನೆ. ಬಂದದ್ದು ಇದ್ದ ಹಳಿಯ ಪಕ್ಕದ ಹಳಿ. ಊರವರು ಮನವಿ ಬರೆಯುವಾಗ ಬೇಕಾದದ್ದು ಹೊಸ ಮಾರ್ಗವೋ, ಜೋಡಿಹಳಿಯೋ, ಗಾಡಿ ನಿಲ್ಲಲು ಲೂಪ್ ಹಳಿಯೋ ಎಂಬುದನ್ನು ಬಿಡಿಸಿ ಬರೆದರೆ ಓದುವ ಅಧಿಕಾರಿಗೆ ಉತ್ತರಿಸದೆ ಗತ್ಯಂತರವಿಲ್ಲ. ಎಲ್ಲವನ್ನೂ ‘ರೈಲು ಸೌಲಭ್ಯ’ ಎಂಬ ಒಂದು ಮಾತಿನಲ್ಲಿ ಸುತ್ತಿಕೊಟ್ಟರೆ ಮನವಿಯೂ ಸುತ್ತಿಕೊಂಡೇ ಇರುತ್ತದೆ.

ಇಲ್ಲಿ ಕನ್ನಡದ ಒಂದು ತೊಡಕನ್ನು ಮುಚ್ಚಿಡದೆ ಹೇಳಬೇಕು. ‘ಹಳಿ’ ಎಂದರೆ ಏನು? ಉಕ್ಕಿನ ಒಂದು ಉದ್ದನೆಯ ತೊಲೆಯೋ, ಅಥವಾ ಅಂಥ ಎರಡು ಸೇರಿ ಆದ ದಾರಿಯೋ? ನಾವು ಎರಡಕ್ಕೂ ಅದೇ ಮಾತನ್ನು ಬಳಸುತ್ತೇವೆ. ‘ಹಳಿ ಬಿರುಕು ಬಿಟ್ಟಿದೆ’ ಎಂದಾಗ ಒಂದು ತೊಲೆ. ‘ಒಂದನೇ ಹಳಿಗೆ ಗಾಡಿ ಬರುತ್ತದೆ’ ಎಂದಾಗ ಜೋಡಿ ತೊಲೆ. ‘ಜೋಡಿಹಳಿ’ ಎಂದಾಗ ಲೆಕ್ಕಕ್ಕೆ ನಾಲ್ಕು ತೊಲೆಗಳು! ಏಕಹಳಿ ಮಾರ್ಗದ ಮೇಲೆ ಗಾಡಿ ಒಂಟಿ ಕಂಬಿಯ ಮೇಲೆ ಹೇಗೆ ಓಡುತ್ತದೆಂದು ಯಾವುದಾದರೂ ಮಗು ಕೇಳಿದರೆ ನಗಬಾರದು. ಮಗುವಿನ ತರ್ಕ ಸರಿಯಾಗಿಯೇ ಇದೆ. ಇಂಗ್ಲಿಷಿನವರು ಇಲ್ಲಿ ಮೂರು ಮಾತು ಇಟ್ಟುಕೊಂಡಿದ್ದಾರೆ: ರೈಲ್ ಎಂದರೆ ತೊಲೆ, ಟ್ರ್ಯಾಕ್ ಎಂದರೆ ಎರಡು ತೊಲೆ, ಅಡ್ಡಪಟ್ಟಿ, ಖಡಿ ಎಲ್ಲ ಸೇರಿದ ಹಾಸು, ರೂಟ್ ಎಂದರೆ ಮಾರ್ಗ.

ನಮ್ಮಲ್ಲಿ ಮೂರು ಮಾತಿಲ್ಲವೆ? ಇವೆ. ಮೈಸೂರು ಸೀಮೆಯವರು ‘ರೈಲು ಕಂಬಿ’ ಎನ್ನುತ್ತಾರೆ. ಆ ‘ಕಂಬಿ’ಯನ್ನು ಒಂಟಿ ತೊಲೆಗೆ ಮೀಸಲಿಡೋಣ, ‘ಹಳಿ’ಯನ್ನು ಎರಡು ಕಂಬಿ ಸೇರಿದ ಹಾಸಿಗೆ, ‘ಮಾರ್ಗ’ವನ್ನು ಊರಿಂದೂರಿನ ದಾರಿಗೆ. ಕಂಬಿ ಎಣಿಸುವುದೆಂದರೆ ಸೆರೆಮನೆಯ ನೆನಪು ಬರುತ್ತದೆಂದು ಯಾರೋ ಮಿತ್ರರು ಹಾಸ್ಯ ಮಾಡಿದರು. ಬರಲಿ, ಉಕ್ಕು ಉಕ್ಕೇ. ಹೀಗೆ ಗೆರೆ ಕೊಯ್ದುಕೊಂಡರೆ ಆ ಮೂರು ಅಂಕಿಗಳೂ ಕನ್ನಡದಲ್ಲಿ ತಾವಾಗಿ ನಿಲ್ಲುತ್ತವೆ: ಮಾರ್ಗದ ಉದ್ದ, ಸಂಚಾರಹಳಿಯ ಉದ್ದ, ಒಟ್ಟು ಹಳಿಯ ಉದ್ದ. ನೆರೆಯ ಮರಾಠಿಯವರ ‘ರೂಳ’, ಅವರ ಗ್ರಾಂಥಿಕ ‘ಲೋಹಮಾರ್ಗ’ ಎರಡೂ ನಮ್ಮ ಕಿವಿಗೆ ಪರಿಚಿತ. ರೂಳ ಕಂಬಿಯ ಹತ್ತಿರದ್ದು, ಲೋಹಮಾರ್ಗ ಮಾರ್ಗದ ಹತ್ತಿರದ್ದು ಎಂದು ನಮ್ಮ ಮಕ್ಕಳು ಎರಡು ಭಾಷೆಗಳಲ್ಲಿಯೂ ಜೋಡಿಸಿ ನೋಡಬಲ್ಲರು. ಗಡಿಯಲ್ಲಿ ಹುಟ್ಟಿದವರಿಗೆ ಇದೊಂದು ಲಾಭ.

ಹಾಗೆಂದು ಇಂಗ್ಲಿಷು ಬಹಳ ಶಿಸ್ತಿನದು ಎಂದು ತಿಳಿಯಬೇಡಿರಿ. ಅದರ ‘ಲೈನ್’ ಎಂಬ ಮಾತು ನಮ್ಮ ಹಳಿಗಿಂತ ಹೆಚ್ಚು ತುಂಟ. ಪುಣೆ-ಸೋಲಾಪುರ ಲೈನ್ ಎಂದಾಗ ಮಾರ್ಗ. ಡಬಲ್ ಲೈನ್ ಎಂದಾಗ ಹಳಿ. ಲೈನ್ ಕ್ಲಿಯರ್ ಎಂದಾಗ ಗಾಡಿ ಬಿಡಲು ಮುಂದಿನ ನಿಲ್ದಾಣದವರು ಕೊಡುವ ಅನುಮತಿ. ‘ಲೂಪ್’ ಸಹ ಹಾಗೆಯೇ: ನಿಲ್ದಾಣದೊಳಗೆ ಅರ್ಧ ಮುಕ್ಕಾಲು ಕಿಲೋಮೀಟರಿನ ಪಕ್ಕದ ಹಳಿ, ಬಂಗಾಲ-ಬಿಹಾರಗಳಲ್ಲಿ ಸಾಹಿಬಗಂಜ್ ಲೂಪ್ ಎಂದರೆ ನೂರಾರು ಕಿಲೋಮೀಟರಿನ ಸುತ್ತುಮಾರ್ಗ. ಬ್ರಿಟಿಷರು ರೈಲ್ವೆ ಎಂದದ್ದನ್ನು ಅಮೆರಿಕನ್ನರು ರೈಲ್‌ರೋಡ್ ಎಂದರು. ಇವರ ಸ್ಲೀಪರ್ ಅವರಲ್ಲಿ ಟೈ, ಇವರ ಪಾಯಿಂಟ್ಸ್ ಅವರಲ್ಲಿ ಸ್ವಿಚ್.

‘ಅಪ್’ ಮತ್ತು ‘ಡೌನ್’ ಎಂಬ ಜೋಡಿಯನ್ನಂತೂ ನಾನು ತರಬೇತಿಯ ಹುಡುಗರಿಗೆ ಹೇಳಿಕೊಡುವಾಗ ಬಹಳ ಸಂತೋಷಪಡುತ್ತಿದ್ದೆ. ನಮ್ಮ ಮಾರ್ಗದಲ್ಲಿ ಮುಂಬಯಿಗೆ ಹೋಗುವ ಗಾಡಿ ಅಪ್, ಮುಂಬಯಿ ಬಿಟ್ಟು ಬರುವುದು ಡೌನ್. ಏರು ಇಳಿವುಗಳಿಗೂ ಇದಕ್ಕೂ ಸಂಬಂಧವಿಲ್ಲ. ಮುಂಬಯಿಯಿಂದ ಹೊರಟ ಡೌನ್ ಗಾಡಿ ಕರ್ಜತ ದಾಟಿದ ಮೇಲೆ ಭೋರ ಘಾಟವನ್ನು ಏದುಸಿರು ಬಿಟ್ಟುಕೊಂಡು ಏರುತ್ತದೆ. ಅಪ್ ಗಾಡಿ ಬ್ರೇಕು ಒತ್ತಿಕೊಂಡು ಇಳಿಯುತ್ತದೆ! ಇಲ್ಲಿ ಮೇಲೆ ಎಂದರೆ ದೊಡ್ಡವರು ಕುಳಿತಿರುವ ಊರು. ಹಳ್ಳಿಯಿಂದ ಕಚೇರಿಗೆ ಹೋಗುವುದು ಯಾವ ದೇಶದಲ್ಲಿಯೂ ‘ಮೇಲೆ’ ಹೋಗುವುದೇ.

ನಿಲ್ದಾಣದ ಹೆಸರಿನಲ್ಲಿರುವ ‘ರೋಡ್’ ಕೂಡ ಇಂಥದೇ. ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್ ಎಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿಂದ ಎಂದು ಅರ್ಥ. ಸ್ವಾಮಿ ಸಮರ್ಥರ ದರ್ಶನಕ್ಕೆಂದು ದೂರದಿಂದ ಬಂದ ಭಕ್ತರು ನಿಲ್ದಾಣದಲ್ಲಿಳಿದು ಗುಡಿಯೆಲ್ಲಿ ಎಂದು ಸುತ್ತಲೂ ನೋಡುವುದನ್ನು ನೀವೆಲ್ಲ ಕಂಡಿದ್ದೀರಿ. ಅವರಲ್ಲಿ ಇಂಗ್ಲಿಷ್ ಬಲ್ಲವರೇ ಬಹಳ.

ಪಾಲಕರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಯೇ ಇದೆ. ನಾನು ನೌಕರಿಗೆ ಸೇರಿ ತರಬೇತಿಗೆ ಹೋದಾಗ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಗೆಳೆಯರು ಜೊತೆಗಿದ್ದರು. ಮಾತಿನಲ್ಲಿ ಅವರು ನನಗಿಂತ ಬಹಳ ಮುಂದೆ. ಆದರೆ ‘ಫಿಶ್‌ಪ್ಲೇಟ್’ ಎಂಬ ಮಾತು ಬಂದ ದಿನ ಎಲ್ಲರೂ ಕೂಡಿಯೇ ನಕ್ಕೆವು. ಮೀನಿಗೂ ತಟ್ಟೆಗೂ ಸಂಬಂಧವಿಲ್ಲದ, ಎರಡು ಕಂಬಿಗಳ ತುದಿಗಳನ್ನು ಕೂಡಿಸಿ ಬೋಲ್ಟು ಬಿಗಿಯುವ ಉಕ್ಕಿನ ಪಟ್ಟಿಯದು. ಹಡಗಿನ ಕೂವೆಕಂಬ ಸೀಳಿದರೆ ಆಸರೆಗೆ ಕಟ್ಟುವ ಮರದ ತುಂಡಿಗೆ ನಾವಿಕರು ಫಿಶ್ ಎನ್ನುತ್ತಿದ್ದರು. ಅಲ್ಲಿಂದ ಹತ್ತಿ ಬಂದ ಹೆಸರು. ‘ಬ್ಯಾಲಸ್ಟ್’ ಕೂಡ ಹಡಗಿನದೇ: ಬರಿದಾದ ಹಡಗು ತೂಗಾಡದಂತೆ ತಳದಲ್ಲಿ ತುಂಬುವ ಭಾರ. ಇಲ್ಲಿ ಅದು ಹಳಿಯ ಕೆಳಗಿನ ಖಡಿ. ‘ಸ್ಲೀಪರ್’ ಎಂದರೆ ಮಲಗುವ ಡಬ್ಬಿಯೂ ಹೌದು, ಕಂಬಿಯ ಕೆಳಗೆ ಮಲಗಿದ ಅಡ್ಡಪಟ್ಟಿಯೂ ಹೌದು. ‘ಪರ್ಮನೆಂಟ್ ವೇ’ ಎಂಬ ದೊಡ್ಡ ಹೆಸರು ಬಂದದ್ದು, ಕಟ್ಟುವಾಗ ಮಣ್ಣು ಸಾಗಿಸಲು ಹಾಕುತ್ತಿದ್ದ ತಾತ್ಪೂರ್ತಿಕ ಹಳಿಗೆ ಎದುರಾಗಿ. ಮನೆಯಲ್ಲಿ, ಶಾಲೆಯಲ್ಲಿ ಇಂಗ್ಲಿಷ್ ಆಡಿದವನಿಗೂ ಇವು ಹುಟ್ಟಿನಿಂದ ಬರುವ ಮಾತುಗಳಲ್ಲ. ಕಸುಬಿನ ಬಾಗಿಲಲ್ಲಿ ಎಲ್ಲರೂ ಹೊಸಬರೇ. ಅಲ್ಲಿ ಬೇಗ ಒಳಗೆ ಹೋಗುವವನು ವಸ್ತುವನ್ನು ಬಲ್ಲವನು, ಲೆಕ್ಕ ಬಲ್ಲವನು. ಅವೆರಡನ್ನೂ ನಾನು ಕಲಿತದ್ದು ಕನ್ನಡದಲ್ಲಿ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಮಾತು ಅರ್ಧವಾದೀತು. ವರದಿ ಬರೆಯುವುದು, ಮೇಲಧಿಕಾರಿಯ ಮುಂದೆ ನಿಂತು ವಿವರಿಸುವುದು, ಇವುಗಳಲ್ಲಿ ಆ ಗೆಳೆಯರಿಗೆ ಇದ್ದ ಸಲೀಸು ನನಗೆ ಬರಲು ವರ್ಷಗಳು ಹಿಡಿದವು. ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವ ಶಿಕ್ಷಕರು ಕನ್ನಡ ಶಾಲೆಗೆ ಬೇಕೇ ಬೇಕು. ಅದನ್ನು ಕೇಳುವ ಹಕ್ಕು ಪಾಲಕರಿಗಿದೆ, ಒದಗಿಸುವ ಹೊಣೆ ಆಡಳಿತ ಮಂಡಳಿಗಿದೆ. ಮಾಧ್ಯಮ ಬದಲಿಸುವುದು ಬೇರೆ, ಭಾಷೆ ಕಲಿಸುವುದು ಬೇರೆ. ಮಾರ್ಗಕ್ಕೂ ಹಳಿಗೂ ಇರುವಷ್ಟೇ ಅಂತರ ಅಲ್ಲಿದೆ.

ನಮ್ಮ ಸೋಲಾಪುರ ಜಿಲ್ಲೆ ರೈಲಿನ ಮಾತುಗಳನ್ನು ಕಲಿಯಲು ಒಳ್ಳೆಯ ಪಾಠಶಾಲೆ. ಎರಡು ಕಂಬಿಗಳ ಒಳಮುಖಗಳ ನಡುವಿನ ಅಂತರಕ್ಕೆ ಗೇಜ್ ಎನ್ನುತ್ತಾರೆ. ಮುಂಬಯಿಯ ಮುಖ್ಯಮಾರ್ಗ ಮೊದಲಿನಿಂದಲೂ ಬ್ರಾಡ್‌ಗೇಜ್, 1,676 ಮಿಲಿಮೀಟರು. 1884ರಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹೋದ ಸದರ್ನ್ ಮರಾಠಾ ರೈಲ್ವೆಯ ಮಾರ್ಗ ಮೀಟರ್‌ಗೇಜ್, ಸರಿಯಾಗಿ 1,000 ಮಿ.ಮೀ. ಕುರ್ಡುವಾಡಿಯಿಂದ ಬಾರ್ಶಿಗೆ 1897ರಲ್ಲಿ ಆರಂಭವಾದ, ಎವರಾರ್ಡ್ ಕಾಲ್ತ್ರಾಪ್ ಎಂಬ ಇಂಜಿನಿಯರ್ ಕಟ್ಟಿದ ಬಾರ್ಸಿ ಲೈಟ್ ರೈಲ್ವೆ ನ್ಯಾರೋಗೇಜ್, 762 ಮಿ.ಮೀ. ಪಂಢರಪುರದ ವಾರಿಗೆ ಆ ಪುಟ್ಟ ಗಾಡಿಯಲ್ಲಿ ಕುಳಿತು ಹೋದ ಹಿರಿಯರು ಈ ಸಭೆಯಲ್ಲಿಯೂ ಇದ್ದಾರು. ಒಂದೇ ಜಿಲ್ಲೆಯಲ್ಲಿ ಮೂರು ಗೇಜುಗಳು! ಒಂದರ ಗಾಡಿ ಇನ್ನೊಂದರ ಮೇಲೆ ಏರದು. ಮೂಟೆಗಳನ್ನು ಇಳಿಸಿ ಏರಿಸುವ ಹಮಾಲರಿಗೆ ಮಾತ್ರ ಅದರಿಂದ ಕೂಳು. ಮುಂದೆ ಹಂತಹಂತವಾಗಿ ಎಲ್ಲವೂ ಬ್ರಾಡ್‌ಗೇಜ್ ಆದವು. ಆ ಗೇಜ್ ಪರಿವರ್ತನೆಯೂ ಮಾರ್ಗದ ಉದ್ದವನ್ನು ಬೆಳೆಸುವ ಕೆಲಸವಲ್ಲ, ಇದ್ದುದರ ಅಗಲವನ್ನು ಬದಲಿಸುವ ಕೆಲಸ.

ಗಣಿತದ ಶಿಕ್ಷಕರಿಗೆ ಒಂದೆರಡು ಮಾತು. ರೈಲ್ವೆಯಲ್ಲಿ ‘ಅರವತ್ತು ಕೆ.ಜಿ. ಕಂಬಿ’ ಎಂದರೆ ಇಡೀ ಕಂಬಿಯ ತೂಕ ಅರವತ್ತಲ್ಲ, ಒಂದು ಮೀಟರಿನ ತೂಕ. ಹಾಗಾದರೆ ಒಂದು ಕಿಲೋಮೀಟರ್ ಹಳಿಗೆ ಎಷ್ಟು ಉಕ್ಕು? ಕಂಬಿ ಎರಡು, ಆದುದರಿಂದ 2,000 ಮೀಟರು, 120 ಟನ್ನು. ಕಾಂಕ್ರೀಟಿನ ಸ್ಲೀಪರುಗಳು ಕಿಲೋಮೀಟರಿಗೆ 1,660ರಂತೆ; ಹಾಗಾದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 60 ಸೆಂಟಿಮೀಟರು. ಹಿಂದಿನ ಕಾಲದಲ್ಲಿ ತೂಕವನ್ನು ಗಜಕ್ಕೆ ಇಷ್ಟು ಪೌಂಡು ಎಂದು ಹೇಳುತ್ತಿದ್ದರು, ದೂರವನ್ನು ಮೈಲು ಮತ್ತು ಚೈನುಗಳಲ್ಲಿ. ಬ್ರಿಟನ್ನಿನ ರೈಲ್ವೆಯಲ್ಲಿ ಸೇತುವೆಯ ಸ್ಥಾನವನ್ನು ಇಂದಿಗೂ ಚೈನುಗಳಲ್ಲಿಯೇ ಹೇಳುತ್ತಾರೆ. ಈ ಚೈನು ನಮಗೆ ಪರಕೀಯವಲ್ಲ. 66 ಅಡಿಯ ಭೂಮಾಪನದ ಸರಪಳಿಯದು. ಅದರ ಅರ್ಧ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ನಮ್ಮ ಹೊಲದ ಒಂದು ಗುಂಟೆ. ಮಕ್ಕಳ ಅಜ್ಜಂದಿರಿಗೆ ಇದು ಬಾಯಿಪಾಠ.

ರೈಲ್ವೆ ನೇಮಕಾತಿಯ ಪರೀಕ್ಷೆಗಳನ್ನು ಈಗ ಕನ್ನಡದಲ್ಲಿಯೂ ಬರೆಯಬಹುದು. ಆದರೆ ಅನುವಾದದ ಪ್ರಶ್ನೆಪತ್ರಿಕೆಯಲ್ಲಿ ‘ಮಾರ್ಗ’ ಎಂದಿರುವುದು ರೂಟೋ ಟ್ರ್ಯಾಕೋ ಎಂದು ತಿಳಿಯದೆ ಹುಡುಗರು ತಡವರಿಸಬಾರದು. ಆದುದರಿಂದ ಶಿಕ್ಷಕರಲ್ಲಿ ನನ್ನ ವಿನಂತಿಯಿಷ್ಟೆ. ಮಕ್ಕಳನ್ನು ಒಂದು ದಿನ ಹೋಟಗಿಗೆ ಕರೆದೊಯ್ಯಿರಿ. ಹಳಿಗೆ ಇಳಿಯಗೊಡದೆ, ಪ್ಲಾಟ್‌ಫಾರ್ಮಿನ ಮೇಲಿಂದಲೇ ಕಂಬಿಗಳನ್ನು ಎಣಿಸಲು ಹೇಳಿರಿ. ಎರಡರಿಂದ ಭಾಗಿಸಿ ಹಳಿಗಳೆಷ್ಟೆಂದು ಬರೆಯಲಿ. ಅಲ್ಲಿ ಎಷ್ಟು ಮಾರ್ಗಗಳು ಕೂಡುತ್ತವೆಂದು ಬೇರೆ ಬರೆಯಲಿ. ಮೂರು ಅಂಕಿಗಳೂ ಬೇರೆಯಾಗಿ ಬರುತ್ತವೆ. ಆಮೇಲೆ ಕನ್ನಡದ ಮಾತಿನ ಎದುರಿಗೆ ಇಂಗ್ಲಿಷಿನದನ್ನೂ ಮರಾಠಿಯದನ್ನೂ ಬರೆಸಿರಿ.

ಮರಳಿ ಬಂದ ಮೇಲೆ ಕೊಡಲು ಒಂದು ಲೆಕ್ಕ ಇಲ್ಲಿದೆ. ಎರಡು ಊರುಗಳ ನಡುವಿನ ಮಾರ್ಗ 40 ಕಿ.ಮೀ. ಅದರಲ್ಲಿ 15 ಕಿ.ಮೀ. ಮಾತ್ರ ಜೋಡಿಹಳಿ, ಉಳಿದದ್ದು ಒಂಟಿ. ನಿಲ್ದಾಣಗಳ ಅಂಗಳದ ಹಳಿಗಳೆಲ್ಲ ಕೂಡಿ 6 ಕಿ.ಮೀ. ಮೂರು ಉದ್ದಗಳನ್ನೂ ಹೇಳಿರಿ. ಉಳಿದ ಭಾಗವೂ ಜೋಡಿಯಾದರೆ, ಅಂಗಳದ ಹಳಿಗಳು ಇದ್ದಂತೆಯೇ ಇದ್ದರೆ, ಏನಾಗುವುದೆಂಬುದನ್ನೂ ಹೇಳಿರಿ. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬಳು ಆಗಲೇ ಬೆರಳೆಣಿಸುತ್ತಿರುವುದು ಕಾಣುತ್ತಿದೆ. ಮೊದಲು 40, 55, 61. ಆಮೇಲೆ 40, 80, 86.